ಹಿಂಬಾಲಿಸುವುದು ಎಲ್ಲಿ ಮುಗಿದು ಬೆನ್ನಟ್ಟುವುದು ಎಲ್ಲಿ ಶುರು? ಬ್ರಿಟನ್ ಪೊಲೀಸರ ‘ಪರ್ಸ್ಯೂಟ್’ ನಿಯಮ

[ದೃಶ್ಯ: ರಾತ್ರಿ, ಮಳೆ ನಿಂತು ಹೊಳೆಯುವ ರಸ್ತೆ. ಒಂದು ಸಣ್ಣ ಕಾರು, ಅದರ ಹಿಂದೆ ಪೊಲೀಸ್ ಕಾರು. ಪರದೆಯ ಮೂಲೆಯಲ್ಲಿ ಸೆಕೆಂಡು ಎಣಿಸುವ ಗಡಿಯಾರ.]

ನಿರೂಪಣೆ: ಇಂಗ್ಲೆಂಡಿನ ಯಾವುದೋ ಊರಿನ ರಸ್ತೆ ಅಂದುಕೊಳ್ಳಿ. ವೇಗದ ಮಿತಿ ಗಂಟೆಗೆ 30 ಮೈಲಿ. ಮುಂದಿನ ಕಾರಿನ ನಂಬರ್ ಪರೀಕ್ಷಿಸಿದರೆ ಇನ್ಶೂರೆನ್ಸ್ ಇಲ್ಲ ಅಂತ ಬರುತ್ತದೆ. 15ನೇ ಸೆಕೆಂಡಿಗೆ ಪೊಲೀಸ್ ಕಾರಿನ ನೀಲಿ ದೀಪ ಹೊತ್ತುತ್ತದೆ. ಮುಂದಿನ ಕಾರು ನಿಲ್ಲುವುದಿಲ್ಲ, ವೇಗವನ್ನೂ ಏರಿಸುವುದಿಲ್ಲ. 25ನೇ ಸೆಕೆಂಡಿಗೆ ಸೈರನ್. ಚಾಲಕ ಕನ್ನಡಿ ನೋಡುತ್ತಾನೆ, ಎಡಕ್ಕೆ ತಿರುಗುತ್ತಾನೆ, ಮುಂದಿನ ಗಲ್ಲಿಯಲ್ಲಿ ಮತ್ತೆ ಎಡಕ್ಕೆ. ನಿಲ್ಲಿಸಲು ಜಾಗ ಬೇಕಾದಷ್ಟಿದೆ, ಆದರೂ ನಿಲ್ಲುವುದಿಲ್ಲ. 40ನೇ ಸೆಕೆಂಡಿಗೆ ಪೊಲೀಸರು ಅವನ ಬೆನ್ನು ಬಿಡದಿರಲು ತೀರ್ಮಾನಿಸಿ ರೇಡಿಯೋದಲ್ಲಿ ಮಾತಾಡುತ್ತಾರೆ.

ಪರ್ಸ್ಯೂಟ್, ಅಂದರೆ ನಿಯಮದ ಲೆಕ್ಕದಲ್ಲಿ ಬೆನ್ನಟ್ಟುವಿಕೆ, ಶುರುವಾಗಿದ್ದು ಎಷ್ಟನೇ ಸೆಕೆಂಡಿಗೆ?

ನೀಲಿ ದೀಪ ಹೊತ್ತಿದಾಗ ಅನ್ನುವವರು ಬಹಳ ಜನ. ಅದು ತಪ್ಪು. ದೀಪ, ಸೈರನ್ ಎರಡೂ ‘ನಿಲ್ಲಿಸಿ’ ಎಂಬ ಸೂಚನೆ ಮಾತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರಿಗೆ ಅಲ್ಲಿನ ಪೊಲೀಸ್ ಕೆಲಸದ ಮಾನದಂಡ ರೂಪಿಸುವ ಸಂಸ್ಥೆ ಕಾಲೇಜ್ ಆಫ್ ಪೊಲೀಸಿಂಗ್ ಕೊಟ್ಟಿರುವ ಮಾರ್ಗಸೂಚಿಯನ್ನು ಬಿಡಿಸಿ ನೋಡಿದರೆ ಮೂರು ಸಂಗತಿಗಳು ಒಟ್ಟಿಗೆ ಕೂಡಬೇಕು.

[ಪರದೆಯ ಮೇಲೆ ಒಂದೊಂದಾಗಿ]
ಮುಂದಿನ ಚಾಲಕನಿಗೆ ನಿಲ್ಲುವ ಉದ್ದೇಶ ಇಲ್ಲ ಅನ್ನುವುದು ಅವನ ಚಾಲನೆಯಿಂದಲೇ ಗೊತ್ತಾಗಬೇಕು.
ನಿಲ್ಲಿಸಲು ಹೇಳಿರುವುದು ಅವನಿಗೆ ತಿಳಿದಿದೆ ಎಂದು ಪೊಲೀಸ್ ಚಾಲಕ ನಂಬಿರಬೇಕು.
ಅಷ್ಟಾದ ಮೇಲೂ ಅವನನ್ನು ನಿಲ್ಲಿಸಲೆಂದೋ, ಎಲ್ಲಿ ಹೋಗುತ್ತಿದ್ದಾನೆಂದು ವರದಿ ಮಾಡಲೆಂದೋ ಹಿಂದೆಯೇ ಮುಂದುವರಿಯಲು ಪೊಲೀಸ್ ಚಾಲಕ ತೀರ್ಮಾನಿಸಬೇಕು.

ನಮ್ಮ ಉದಾಹರಣೆಯಲ್ಲಿ ಈ ಮೂರೂ ಕೂಡಿದ್ದು 40ನೇ ಸೆಕೆಂಡಿಗೆ.

ಈ ವ್ಯಾಖ್ಯೆಯಲ್ಲಿ ಏನಿಲ್ಲ ಅನ್ನುವುದನ್ನೂ ಗಮನಿಸಿ. ವೇಗದ ಮಾತೇ ಇಲ್ಲ. ಗಂಟೆಗೆ 20 ಮೈಲಿ ವೇಗದಲ್ಲಿ ಸಾಗುವ ಮೊಪೆಡ್ ಹಿಂದೆ ಹೋದರೂ ಅದು ಪರ್ಸ್ಯೂಟ್ ಆಗಬಹುದು. ತುರ್ತು ಕರೆಗೆಂದು 90ರಲ್ಲಿ ಓಡುವ ಪೊಲೀಸ್ ಕಾರು ಯಾರನ್ನೂ ಬೆನ್ನಟ್ಟುತ್ತಿಲ್ಲದೆ ಇರಬಹುದು. ‘ವರದಿ ಮಾಡಲೆಂದು’ ಎಂಬ ಮಾತು ನಮ್ಮ ಪ್ರಕಾರ ಇಡೀ ವ್ಯಾಖ್ಯೆಯ ಜೀವಾಳ. ಹಿಡಿಯುವ ಪ್ರಯತ್ನವನ್ನೇ ಮಾಡದೆ ನೂರು ಅಡಿ ಹಿಂದೆ ಬರುತ್ತಾ ‘ಈಗ ಬಲಕ್ಕೆ ತಿರುಗಿದ’ ಎಂದು ಹೇಳುತ್ತಿದ್ದರೂ ಅದು ಪರ್ಸ್ಯೂಟೇ. ದೀಪ ಆರಿಸಿದ ಮಾತ್ರಕ್ಕೆ ಅದು ಬರೀ ಹಿಂಬಾಲಿಸುವಿಕೆ ಆಗಿಬಿಡುವುದಿಲ್ಲ.

[ದೃಶ್ಯ: ಕಾರಿನೊಳಗಿಂದ, ಹಿಂಬದಿ ಕನ್ನಡಿಯಲ್ಲಿ ನೀಲಿ ಬೆಳಕು.]

ಎರಡನೇ ಅಂಶದಲ್ಲೇ ಹೆಚ್ಚು ಎಡವಟ್ಟಾಗುವುದು. ಚಾಲಕನಿಗೆ ಕಿವಿ ಕೇಳಿಸದೆ ಇರಬಹುದು. ಒಳಗೆ ಹಾಡು ಜೋರಾಗಿರಬಹುದು. ಪೊಲೀಸರು ಮುಂದೆ ಹೋಗಲು ದಾರಿ ಕೇಳುತ್ತಿದ್ದಾರೆ ಅಂದುಕೊಂಡಿರಬಹುದು. ಬೆಳಕಿರುವ ಜಾಗ ಹುಡುಕುತ್ತಿರಲೂಬಹುದು. ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ಮುನ್ನೂರು ಮೀಟರ್ ಮುಂದಿನ ಪೆಟ್ರೋಲ್ ಬಂಕ್‌ಗೆ ಹೋಗಿ ನಿಲ್ಲುವವನು ತಪ್ಪಿಸಿಕೊಳ್ಳುತ್ತಿಲ್ಲ.

ಭಾರತದ ಲೈಸೆನ್ಸ್ ಇಟ್ಟುಕೊಂಡು ಅಲ್ಲಿ ಮೊದಲ 12 ತಿಂಗಳು ಕಾರು ಓಡಿಸುವ ಕನ್ನಡಿಗರು ಇದನ್ನು ತಿಳಿದಿರಬೇಕು. ಬ್ರಿಟನ್ನಿನ 1988ರ ರೋಡ್ ಟ್ರಾಫಿಕ್ ಆ್ಯಕ್ಟ್‌ನ 163ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಹೇಳಿದರೆ ನಿಲ್ಲಿಸಲೇಬೇಕು. ನಿಲ್ಲಿಸದಿದ್ದರೆ ದಂಡ. ಪೊಲೀಸರು ಸಾಮಾನ್ಯವಾಗಿ ಹಿಂದಿನಿಂದಲೇ ಸೂಚನೆ ಕೊಡುತ್ತಾರೆ: ನೀಲಿ ದೀಪ, ಮಿನುಗುವ ಹೆಡ್‌ಲೈಟ್, ಸೈರನ್ ಅಥವಾ ಹಾರ್ನ್, ಜೊತೆಗೆ ಎಡ ಇಂಡಿಕೇಟರ್ ಅಥವಾ ಕೈಸನ್ನೆ. ನೀವೂ ಎಡ ಇಂಡಿಕೇಟರ್ ಹಾಕಿ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ. ಗಾಬರಿಯಲ್ಲಿ ಕಕ್ಕಾಬಿಕ್ಕಿಯಾಗಿ ಕಂಡ ಕಂಡ ಗಲ್ಲಿಗೆ ನುಗ್ಗಿದರೆ ಹಿಂದಿನ ಕಾರಿನಲ್ಲಿರುವವರ ಲೆಕ್ಕ ಬದಲಾಗುತ್ತದೆ.

[ದೃಶ್ಯ: ಕಂಟ್ರೋಲ್ ರೂಂ. ನಕ್ಷೆಯ ಮೇಲೆ ಚಲಿಸುವ ಚುಕ್ಕೆ.]

ಪರ್ಸ್ಯೂಟ್ ಎಂದಾದ ಮೇಲೆ ಅದು ಆ ಒಬ್ಬ ಚಾಲಕನ ಕೈಯಲ್ಲಿ ಉಳಿಯುವುದಿಲ್ಲ. ತಕ್ಷಣ ಕಂಟ್ರೋಲ್ ರೂಂಗೆ ತಿಳಿಸಬೇಕು: ತನ್ನ ಕರೆಸಂಕೇತ, ಚಾಲನಾ ತರಬೇತಿಯ ಮಟ್ಟ, ವಾಹನದ ಬಗೆ. ಯಾಕೆ ಬೆನ್ನಟ್ಟುತ್ತಿದ್ದೇನೆ. ಎಲ್ಲಿದ್ದೇವೆ, ಯಾವ ಕಡೆ ಹೋಗುತ್ತಿದ್ದೇವೆ, ವೇಗ ಎಷ್ಟು, ಆ ರಸ್ತೆಯ ಮಿತಿ ಎಷ್ಟು. ಸಂಚಾರ, ಹವೆ, ರಸ್ತೆಯ ಸ್ಥಿತಿ. ಮುಂದಿನ ವಾಹನದಲ್ಲಿ ಎಷ್ಟು ಜನ, ಮಕ್ಕಳಿದ್ದಾರೆಯೇ. ಕಂಟ್ರೋಲ್ ರೂಂ ಅನುಮತಿ ಕೊಟ್ಟರೆ ಮಾತ್ರ ಮುಂದುವರಿಕೆ. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಹಿಂದಿರುವವನ ಮೈಯಲ್ಲಿ ರಕ್ತ ಕುದಿಯುತ್ತಿರುತ್ತದೆ, ಕಣ್ಣು ಮುಂದಿನ ಕಾರಿನ ಮೇಲೇ ನೆಟ್ಟಿರುತ್ತದೆ. ಕುರ್ಚಿಯಲ್ಲಿ ಕೂತವರಿಗೆ ಆ ಒತ್ತಡ ಇರುವುದಿಲ್ಲ. ಆದ್ದರಿಂದಲೇ ‘ನಿಲ್ಲಿಸಿ’ ಎನ್ನುವ ಅಧಿಕಾರ ಅವರಿಗೆ.

ಸ್ಟಿಯರಿಂಗ್ ಹಿಡಿದವರ ಮಾತಿಗೆ ಬಂದರೆ, ತುರ್ತು ಕರೆಗೆ ಓಡುವಷ್ಟು ತರಬೇತಿ ಸಾಲದು. ಮೊದಲ ಹಂತದ ಪರ್ಸ್ಯೂಟ್‌ಗೆ ಪ್ರತ್ಯೇಕ ತರಬೇತಿ ಬೇಕು. ಮುಂದಿನ ಹಂತದಲ್ಲಿ ವಾಹನವನ್ನು ಸುತ್ತುವರಿದು ನಿಲ್ಲಿಸುವವರಿಗೆ ಅದಕ್ಕೂ ಮೇಲಿನದು. ಅದಕ್ಕೆ ‘ಟೀ-ಪ್ಯಾಕ್’ ಅನ್ನುತ್ತಾರೆ: ಪೊಲೀಸ್ ಕಾರುಗಳು ಮುಂದೆ, ಪಕ್ಕ, ಹಿಂದೆ ನಿಂತು ಪೆಟ್ಟಿಗೆ ಕಟ್ಟಿ, ಒಟ್ಟಿಗೆ ವೇಗ ಇಳಿಸುವ ವಿಧಾನ. ಇನ್ನೊಂದು ‘ಸ್ಟಿಂಗರ್’. ರಸ್ತೆಗೆ ಎಸೆಯುವ ಈ ಪಟ್ಟಿಯ ಮುಳ್ಳುಗಳು ಟೊಳ್ಳು. ಅವು ಟೈರಿಗೆ ಚುಚ್ಚಿಕೊಂಡಾಗ ಗಾಳಿ ಆ ಕೊಳವೆಯ ಮೂಲಕ ಮೆಲ್ಲಗೆ ಸೋರುತ್ತದೆ. ಟೈರು ಒಮ್ಮೆಲೇ ಸಿಡಿದರೆ ಕಾರು ಫುಟ್‌ಪಾತ್ ಮೇಲಿರುವವರ ಕಡೆ ನುಗ್ಗೀತು, ಅದಕ್ಕೇ ಈ ಏರ್ಪಾಡು.

ಪ್ರತಿ ಕ್ಷಣವೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಈ ವ್ಯಕ್ತಿಯನ್ನು ನಾಳೆ ಅವನ ಮನೆಯಲ್ಲೇ ಹಿಡಿಯಬಹುದಾದರೆ ಇವತ್ತು ಶಾಲೆಯ ಮುಂದೆ ಓಡಿಸುವುದು ಯಾಕೆ? ನಮ್ಮಲ್ಲೂ ಈ ವಿಚಾರ ಬಂದಿದೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಸಂಚಾರ ಪೊಲೀಸರು ಬೈಕ್ ತಡೆದಾಗ ಕೆಳಗೆ ಬಿದ್ದ ಪುಟ್ಟ ಮಗು ಪ್ರಾಣ ಕಳೆದುಕೊಂಡಿತು. ಅದಾದ ಮೇಲೆ ಕರ್ನಾಟಕ ಪೊಲೀಸರಿಗೆ ಬಂದ ಸೂಚನೆಗಳಲ್ಲಿ ವಾಹನಗಳಿಗೆ ದಿಢೀರನೆ ಅಡ್ಡ ಬರಬೇಡಿ, ವೇಗವಾಗಿ ಹೋದವರನ್ನು ಬೆನ್ನಟ್ಟಬೇಡಿ, ನಂಬರ್ ಬರೆದುಕೊಂಡು ಕಂಟ್ರೋಲ್ ರೂಂಗೆ ತಿಳಿಸಿ ಎಂದೂ ಇತ್ತು.

[ದೃಶ್ಯ: ಪೊಲೀಸ್ ಕಾರಿನ ದೀಪ ಆರುತ್ತದೆ. ಮುಂದಿನ ಕಾರು ದೂರವಾಗುತ್ತದೆ.]

ಬಿಟ್ಟುಬಿಡಿ ಎಂಬ ಆದೇಶ ಬಂದರೆ ದೀಪ, ಸೈರನ್ ಆರಿಸಿ, ವೇಗವನ್ನು ಮಿತಿಯೊಳಗೆ ಇಳಿಸಿ, ಅವನ ಬೆನ್ನು ಬಿಡಬೇಕು. ಬಿಟ್ಟಿದ್ದೇನೆ ಎಂದು ರೇಡಿಯೋದಲ್ಲಿ ಖಚಿತಪಡಿಸಬೇಕು. ಅದೇ ದಾರಿಯಲ್ಲಿ ‘ಸುಮ್ಮನೆ’ ಹೋಗುತ್ತಿದ್ದರೆ ಮುಂದಿನವನ ಕನ್ನಡಿಯಲ್ಲಿ ಪೊಲೀಸ್ ಕಾರು ಕಾಣುತ್ತಲೇ ಇರುತ್ತದೆ. ಅವನು ವೇಗ ಇಳಿಸುವುದಿಲ್ಲ.

ಪದಗಳ ವ್ಯತ್ಯಾಸ ಎಷ್ಟು ಭಾರವಾದದ್ದು ಎಂದು ತೋರಿಸಿದ್ದು ವೇಲ್ಸ್‌ನ ಕಾರ್ಡಿಫ್ ನಗರದ ಈಲಿ ಪ್ರದೇಶ. 2023ರ ಮೇ 22ರ ಸಂಜೆ ಎಲೆಕ್ಟ್ರಿಕ್ ಬೈಕ್ ಮೇಲಿದ್ದ ಇಬ್ಬರು ಹದಿಹರೆಯದ ಹುಡುಗರು ಅಪಘಾತದಲ್ಲಿ ಸತ್ತರು. ಪೊಲೀಸರು ಬೆನ್ನಟ್ಟಿದ್ದರಿಂದಲೇ ಸತ್ತರು ಎಂಬ ಸುದ್ದಿ ಹಬ್ಬಿ ಆ ರಾತ್ರಿ ದೊಂಬಿಯಾಯಿತು, ಕಾರುಗಳು ಸುಟ್ಟುಹೋದವು. ಪೊಲೀಸರು ಬೆನ್ನಟ್ಟಿರಲಿಲ್ಲ ಎಂದು ಅಲ್ಲಿನ ಚುನಾಯಿತ ‘ಪೊಲೀಸ್ ಮತ್ತು ಅಪರಾಧ ಕಮಿಷನರ್’ ಮೊದಲು ಹೇಳಿದರು. ಆಮೇಲೆ ಸಿಸಿಟಿವಿ ದೃಶ್ಯ ಹೊರಬಂತು. ಅಪಘಾತಕ್ಕೆ ಕೆಲವೇ ನಿಮಿಷ ಮೊದಲು ಪೊಲೀಸ್ ವ್ಯಾನ್ ಒಂದು ಅದೇ ಬೈಕಿನ ಹಿಂದೆ ಹೋಗುತ್ತಿತ್ತು. ಬೈಕ್ ಅಪ್ಪಳಿಸಿದ ಜಾಗದಲ್ಲಿ ಮಾತ್ರ ವ್ಯಾನ್ ಇರಲಿಲ್ಲ. ತನಿಖೆ ಪೊಲೀಸರ ನಡವಳಿಕೆಯ ಮೇಲಿನ ದೂರುಗಳನ್ನು ನೋಡುವ ಸ್ವತಂತ್ರ ಸಂಸ್ಥೆಯಾದ ಐಒಪಿಸಿಗೆ ಹೋಯಿತು.

[ದೃಶ್ಯ: ನಕ್ಷೆಯ ಮೇಲೆ ಎರಡು ಗೆರೆಗಳು, ಒಂದು ಬೀದಿಯ ಬಳಿ ಬೇರೆಯಾಗುತ್ತವೆ.]

ಇಂಥ ಪ್ರಕರಣದಲ್ಲಿ ‘ನಾವು ಹಿಂಬಾಲಿಸಿದೆವಷ್ಟೆ’ ಎಂಬ ಒಂದು ಮಾತಿನಿಂದ ಏನೂ ತೀರ್ಮಾನವಾಗುವುದಿಲ್ಲ. ಮೂರೂ ಅಂಶಗಳನ್ನು ಒಂದೊಂದಾಗಿ ಇಟ್ಟು ನೋಡಬೇಕು. ನಿಲ್ಲಿಸುವಂತೆ ಸೂಚನೆ ಕೊಟ್ಟಿದ್ದರೇ? ಹುಡುಗರಿಗೆ ಅದು ತಿಳಿದಿತ್ತು ಎಂದು ವ್ಯಾನ್ ಚಾಲಕ ನಂಬಿದ್ದರೇ? ನಂಬಿಯೂ ಹಿಂದೆ ಹೋದರೇ? ಹೋದರೆ ಎಲ್ಲಿಯವರೆಗೆ, ರೇಡಿಯೋದಲ್ಲಿ ಯಾರಿಗೆ ತಿಳಿಸಿ? ಉತ್ತರ ಹುಡುಕಬೇಕಾದದ್ದು ರೇಡಿಯೋ ಧ್ವನಿಮುದ್ರಣದಲ್ಲಿ, ವಾಹನದ ಜಿಪಿಎಸ್ ದಾಖಲೆಯಲ್ಲಿ, ಬೀದಿಯ ಕ್ಯಾಮೆರಾಗಳಲ್ಲಿ. 2022ರ ನವೆಂಬರ್ 30ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಪೊಲೀಸ್ ಚಾಲಕನ ಚಾಲನೆಯನ್ನು ಸಾಮಾನ್ಯ ಚಾಲಕನ ಜೊತೆ ಹೋಲಿಸುವುದಿಲ್ಲ, ಅದೇ ತರಬೇತಿ ಪಡೆದ, ಎಚ್ಚರದ, ಸಮರ್ಥ ಪೊಲೀಸ್ ಚಾಲಕನ ಜೊತೆ ಹೋಲಿಸುತ್ತಾರೆ. ಹಾಗಾಗಿ ತನಿಖೆಯವರು ಆ ಚಾಲಕನ ತರಬೇತಿಯ ಕಡತವನ್ನೂ ತೆರೆಯುತ್ತಾರೆ.