ಆರು ಅಕ್ಷರ, ನಡುವೆ ಮೂರರ ಬಿಡುವು

ಕೇಳುಗರಿಗೆ ನಮಸ್ಕಾರ.

ಎರಡು ಪದ ಓದುತ್ತೇನೆ, ಸ್ವಲ್ಪ ಕಿವಿಗೊಡಿ. ಎ, ಜಿ, ಎ, ಎ, ಸಿ, ಎ. ಇದು ಮೊದಲನೆಯದು. ಇನ್ನೊಂದು: ಎ, ಜಿ, ಜಿ, ಟಿ, ಸಿ, ಎ. ಎರಡೂ ಡಿಎನ್‌ಎ ಭಾಷೆಯವು. ನಡುವಿನ ಎರಡಕ್ಷರ ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ. ಆದರೆ ಮೊದಲನೆಯದು ಕಾರ್ಟಿಸಾಲ್ ಹಾರ್ಮೋನಿನ ವಿಳಾಸ, ಎರಡನೆಯದು ಈಸ್ಟ್ರೋಜನ್ನಿನದು.

ಉಬ್ಬಸ ಜೋರಾದಾಗ ಡಾಕ್ಟರು ಬರೆದುಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ಗೊತ್ತಲ್ಲ, ಅದು ಕಾರ್ಟಿಸಾಲಿನ ದಾಯಾದಿ. ಜೀವಕೋಶದೊಳಗೆ ನುಸುಳಿದ ಕೂಡಲೇ ಅದನ್ನು ಒಂದು ಪ್ರೋಟೀನು ಹಿಡಿದುಕೊಳ್ಳುತ್ತದೆ. ಪಠ್ಯಪುಸ್ತಕದಲ್ಲಿ ಅದರ ಹೆಸರು ಗ್ರಾಹಕ. ಅಂಗಡಿಯ ಗಿರಾಕಿಯಲ್ಲ, ಹಾರ್ಮೋನನ್ನು ಗ್ರಹಿಸುವುದು! ನಮ್ಮ ಮೈಯಲ್ಲಿ ಈ ಮನೆತನದವು 48 ಇವೆ. ಹಾರ್ಮೋನನ್ನು ಹೊತ್ತ ಗ್ರಾಹಕ ಕೋಶಕೇಂದ್ರಕ್ಕೆ ಹೋಗಿ, 300 ಕೋಟಿ ಅಕ್ಷರಗಳ ನಡುವೆ ತನ್ನ ಆರಕ್ಷರ ಹುಡುಕಬೇಕು.

ಡಿಎನ್‌ಎಯ ಎರಡು ಎಳೆಗಳನ್ನು ಅದು ಬಿಡಿಸುವುದಿಲ್ಲ. ಕತ್ತಲಲ್ಲಿ ಜೇಬಿಗೆ ಕೈಹಾಕಿ ನಾಣ್ಯ ಗುರುತಿಸುತ್ತೇವಲ್ಲ, ಹಾಗೆ ಹೊರಗಿನಿಂದಲೇ ತಡವಿ ನೋಡುತ್ತದೆ. ತಡವುವ ಭಾಗವನ್ನು ಗಟ್ಟಿಯಾಗಿ ಹಿಡಿದಿಡುವುದು ಸತು. ಪ್ರೋಟೀನೆಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ; ಅವುಗಳಲ್ಲೊಂದು ಸಿಸ್ಟೀನ್. ಒಂದೊಂದು ಸತುವಿನ ಕಣಕ್ಕೆ ನಾಲ್ಕು ಸಿಸ್ಟೀನ್‌ಗಳ ಹಿಡಿತ, ಅಂಥ ಗಂಟು ಎರಡು. ಮೊದಲ ಗಂಟಿನ ಪಕ್ಕದ ಸುರುಳಿ ಡಿಎನ್‌ಎಯ ಅಗಲವಾದ ತೋಡಿನೊಳಗೆ ಕೂರುತ್ತದೆ. ಅಲ್ಲಿ ಎದುರಿನ ಎಳೆಯ ಟಿ ಅಕ್ಷರದ ಅಂಚಿನಲ್ಲಿ ಸಣ್ಣದೊಂದು ಉಬ್ಬು, ಮೀಥೈಲ್ ಗುಂಪು. ಕಾರ್ಟಿಸಾಲ್ ಗ್ರಾಹಕದ ವ್ಯಾಲೀನ್ ಎಂಬ ಅಮೈನೋ ಆಮ್ಲ ಆ ಉಬ್ಬಿಗೆ ಒತ್ತಿಕೊಳ್ಳುತ್ತದೆ. 1989ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಪಿಯರ್ ಶಾಂಬೋನ್ ತಂಡ ಈಸ್ಟ್ರೋಜನ್ ಗ್ರಾಹಕದ ಮೂರೇ ಅಮೈನೋ ಆಮ್ಲ ಬದಲಿಸಿತು. ಅದು ತನ್ನ ವಿಳಾಸ ಮರೆತು ಕಾರ್ಟಿಸಾಲಿನ ವಿಳಾಸಕ್ಕೆ ಹೋಗಿ ಕೂತಿತು. ಮೂರೇ ಮೂರು!

ಆದರೆ ಆರಕ್ಷರವಷ್ಟೇ ಸಾಲದು. ಈ ಗ್ರಾಹಕಗಳು ಜೋಡಿಯಾಗಿ ಬರುತ್ತವೆ, ವಿಳಾಸವೂ ಜೋಡಿ ಪದ. ನಡುವೆ ಮೂರು ಅಕ್ಷರದ ಬಿಡುವು. ಅಲ್ಲಿ ಯಾವ ಅಕ್ಷರವಿದ್ದರೂ ನಡೆಯುತ್ತದೆ. ಎರಡನೇ ಪದ ಮೊದಲನೆಯದರ ತಿರುಗುಮುರುಗು, ನಮ್ಮ ‘ವಿಕಟಕವಿ’ಯ ಹಾಗೆ, ಆದರೆ ಹಿಂದಿನಿಂದ ಓದುವುದು ಎದುರಿನ ಎಳೆಯಲ್ಲಿ.

ಈ ಬಿಡುವು ಎಷ್ಟು ಬಿಗಿ ಅನ್ನುವುದು 1991ರಲ್ಲಿ ಅಮೆರಿಕದ ಯೇಲ್‌ನಲ್ಲಿ ಕಣ್ಣಿಗೇ ಕಂಡಿತು. ಪಾಲ್ ಸಿಗ್ಲರ್ ಪ್ರಯೋಗಾಲಯದ ಬೆನ್ ಲೂಯಿಸಿ ಮತ್ತು ಜೊತೆಗಾರರು ಹರಳುಗಟ್ಟಿಸಿದ ಒಂದು ಡಿಎನ್‌ಎ ತುಣುಕಿನಲ್ಲಿ ಬಿಡುವು ಮೂರಲ್ಲ, ನಾಲ್ಕು. ಗ್ರಾಹಕದ ಜೋಡಿ ಮಾತ್ರ ಕೈ ಬಿಡಲಿಲ್ಲ. ಒಂದು ಸರಿಯಾದ ಪದದ ಮೇಲೆ ಕೂತಿತು. ಇನ್ನೊಂದು ಒಂದಕ್ಷರ ಪಕ್ಕಕ್ಕೆ ಜರುಗಿ, ತನ್ನದಲ್ಲದ ಅಕ್ಷರಗಳ ಮೇಲೆ ಒಲ್ಲದ ಮನಸ್ಸಿನಿಂದ ಕೂತಂತಿತ್ತು. ನನಗೆ ಈ ಇಡೀ ವಿಷಯದಲ್ಲಿ ಬಲು ಇಷ್ಟವಾದ ಚಿತ್ರ ಅದು.

ಇನ್ನು ಕೆಲವು ಗ್ರಾಹಕಗಳಿಗೆ ಪದ ಒಂದೇ, ಎರಡು ಸಲ ಒಂದರ ಹಿಂದೊಂದು ಬರುತ್ತದೆ, ಬಿಡುವನ್ನೇ ಎಣಿಸಬೇಕು. ಮೂರಾದರೆ ವಿಟಮಿನ್ ಡಿ, ನಾಲ್ಕಾದರೆ ಥೈರಾಯ್ಡ್, ಐದಾದರೆ ವಿಟಮಿನ್ ಎ ಇಂದಾದ ರೆಟಿನಾಯಿಕ್ ಆಮ್ಲ. ಇದೂ 1991ರಲ್ಲೇ, ರೊನಾಲ್ಡ್ ಇವಾನ್ಸ್ ಪ್ರಯೋಗಾಲಯದಿಂದ ಹೊರಬಿತ್ತು.

ಅದಕ್ಕೂ ಮೂರು ವರ್ಷ ಮೊದಲು, 1988ರಲ್ಲಿ, ವೈದ್ಯರು ಕಾಲುಮೂಳೆ ಬಾಗಿದ ಕೆಲವು ಮಕ್ಕಳ ಜೀನನ್ನು ಓದಿದ್ದರು. ರಕ್ತದಲ್ಲಿ ವಿಟಮಿನ್ ಡಿ ಹಾರ್ಮೋನು ಧಾರಾಳವಾಗಿತ್ತು, ಗ್ರಾಹಕ ಅದನ್ನು ಹಿಡಿಯುತ್ತಲೂ ಇತ್ತು. ಸತುವಿನ ಗಂಟಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬೇರೆ. ಡಿಎನ್‌ಎ ಮೇಲೆ ಹಿಡಿತ ಸಿಗುತ್ತಿರಲಿಲ್ಲ. ಇಂಥ ಮಕ್ಕಳಿಗೆ ಬಿಸಿಲಾಗಲಿ ಮಾತ್ರೆಯಾಗಲಿ ನಾಟುವುದು ಕಷ್ಟ. ಕ್ಯಾಲ್ಸಿಯಂ ಅನ್ನು ತಿಂಗಳುಗಟ್ಟಲೆ ನೇರ ರಕ್ತನಾಳಕ್ಕೇ ಹರಿಸಿದಾಗ ಮೂಳೆ ಗಟ್ಟಿಯಾದದ್ದುಂಟು.

ನಮಸ್ಕಾರ.