ಆ 330 ಯಾಕೆ ಅಲ್ಲಿದೆ?

ನಮಸ್ಕಾರ. ನಾನು ಹಗಲು ಕಂಪನಿಯ ಕೋಡ್ ಬರೆಯುತ್ತೇನೆ, ರಾತ್ರಿ ಊಟ ಆದ ಮೇಲೆ ನನ್ನದೇ ಒಂದು ಪುಟ್ಟ ಪ್ರಾಜೆಕ್ಟ್. ಅಕ್ಕನ ಅಂಗಡಿಗೆ ಬಿಲ್ಲಿಂಗ್ ಆ್ಯಪ್. ಕೇಳೋರಿಲ್ಲ, ಹೇಳೋರಿಲ್ಲ. ಖುಷಿನೂ ಅದೇ, ತಾಪತ್ರಯನೂ ಅದೇ.

ಹೋದ ವರ್ಷ ಅಕ್ಕ ಫೋನ್ ಮಾಡಿ, "ಲೋ, ತಿಂಗಳ ಕೊನೆ ದಿನದ ಸಂಜೆ ವ್ಯಾಪಾರ ಲೆಕ್ಕದಲ್ಲೇ ಇಲ್ವಲ್ಲೋ" ಅಂದಳು. ಕೋಡ್ ತೆರೆದೆ. ಒಂದು ಕಡೆ 330 ಅಂತ ಸಂಖ್ಯೆ, ಪಕ್ಕದಲ್ಲಿ "ಇದನ್ನು ಮುಟ್ಟಬೇಡ" ಅಂತ ಕಾಮೆಂಟು, ಅಂದರೆ ಕೋಡ್ ಓದುವವರಿಗಾಗಿ ಬರೆದಿಟ್ಟ ಟಿಪ್ಪಣಿ. ಬರೆದವನು ನಾನೇ. ಯಾಕೆ ಬರೆದೆ ಅಂತ ಮಾತ್ರ ನೆನಪಿಲ್ಲ. ಕೋಡಿನ ಬದಲಾವಣೆಗಳನ್ನು ಟಿಪ್ಪಣಿ ಸಮೇತ ದಾಖಲಿಸಿಡುವ ಗಿಟ್ ಅನ್ನೋ ತಂತ್ರಾಂಶದಲ್ಲಿ ಹಳೆಯ ದಾಖಲೆ ನೋಡಿದರೆ "ಫಿಕ್ಸ್", "ಮತ್ತೆ ಫಿಕ್ಸ್", "ಈಗ ನಿಜವಾಗ್ಲೂ ಫಿಕ್ಸ್". ಇದರಿಂದ ಯಾರಿಗೆ ಏನು ತಿಳಿಯಬೇಕು ಹೇಳಿ!

ಎರಡು ರಾತ್ರಿ ಒದ್ದಾಡಿ ಗೆಳೆಯನಿಗೆ ಫೋನ್ ಮಾಡಿದೆ. ಅವನು ಬರೀ "ಹೂಂ, ಹೂಂ" ಅಂತಿದ್ದ. ಸರ್ವರ್, ಅಂದರೆ ಆ್ಯಪ್‌ನ ಲೆಕ್ಕ ಇಡುವ ಕಂಪ್ಯೂಟರ್, ಅದರ ಗಡಿಯಾರ ಗ್ರೀನಿಚ್ ಸಮಯದಲ್ಲಿರುತ್ತೆ, ನಮ್ಮದು ಐದೂವರೆ ಗಂಟೆ ಮುಂದೆ, ಅಂದರೆ 330 ನಿಮಿಷ, ಅದಕ್ಕೇ ಅಷ್ಟನ್ನು ಕೂಡಿಸಿದ್ದು ಅಂತ ವಿವರಿಸುತ್ತಾ ಹೋದವನು ಅರ್ಧಕ್ಕೇ ನಿಲ್ಲಿಸಿದೆ. ಈಚೆಗೆ ಸರ್ವರ್ ಬದಲಾಯಿಸಿದ್ದೆ ಅಲ್ವಾ, ಹೊಸದರ ಗಡಿಯಾರ ಮೊದಲೇ ಭಾರತದ ಸಮಯದಲ್ಲಿತ್ತು! ಐದೂವರೆ ಗಂಟೆ ಎರಡು ಸಲ ಸೇರಿ, ಸಂಜೆ ಆರೂವರೆ ಮೇಲಿನ ಬಿಲ್ಲೆಲ್ಲ ಮರುದಿನಕ್ಕೆ ಹಾರಿದ್ದವು. ಗೆಳೆಯ ಒಂದು ಸಾಲು ಕೋಡ್ ಕೂಡ ನೋಡಿರಲಿಲ್ಲ.

ಅವತ್ತಿಂದ ನಾವು ಮೂವರು ಗೆಳೆಯರು ಶನಿವಾರ ಬೆಳಿಗ್ಗೆ ಒಂದು ದರ್ಶಿನಿಯಲ್ಲಿ ಸೇರುತ್ತೇವೆ. ಮೂವರದೂ ಬೇರೆ ಬೇರೆ ಪ್ರಾಜೆಕ್ಟ್, ಒಬ್ಬರದಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಒಬ್ಬ ಲ್ಯಾಪ್‌ಟಾಪ್ ತಿರುಗಿಸಿ ಇಪ್ಪತ್ತು ಸಾಲು ತೋರಿಸಬೇಕು, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಉಳಿದವರು ಓದಿ, ಇದು ಏನು ಮಾಡುತ್ತೆ ಅಂತ ಹೇಳುತ್ತಾರೆ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಬರೆದವನು ಕಾಮೆಂಟ್ ಹಾಕಬೇಕು. ಸುಮ್ನೆ ಕೂರೋದು ಎಷ್ಟು ಕಷ್ಟ ಗೊತ್ತಾ? ಮೊದಮೊದಲು ನಾಚಿಕೆ ಬೇರೆ, ಒಗೆಯದ ಬಟ್ಟೆ ತೋರಿಸಿದ ಹಾಗೆ.

ಗಿಟ್ ಅಂದೆನಲ್ಲ, ಅದರ ಕತೆಯೂ ಹೀಗೇ. 2005ರ ಏಪ್ರಿಲ್‌ನಲ್ಲಿ, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದನ್ನು ಕೆಲವೇ ದಿನಗಳಲ್ಲಿ ಒಬ್ಬರೇ ಕಟ್ಟಿ ನಿಲ್ಲಿಸಿದರು. ಕೋಡ್ ಎಲ್ಲರ ಮುಂದೆ ಇಟ್ಟಿದ್ದರಿಂದ ಬೇಗನೆ ಬೇರೆಯವರೂ ಕೈಜೋಡಿಸಿದರು. ಅದೇ ಜುಲೈನಲ್ಲಿ, ಹಾಗೆ ಬಂದವರಲ್ಲಿ ಒಬ್ಬರಾದ ಜೂನಿಯೊ ಹಮಾನೊ ಅವರಿಗೆ ಇಡೀ ಜವಾಬ್ದಾರಿ ಒಪ್ಪಿಸಿಬಿಟ್ಟರು. ಬರೀ ನಾಲ್ಕು ತಿಂಗಳೊಳಗೆ! ನನ್ನ ಆ್ಯಪನ್ನು ನಾಳೆ ಯಾರಿಗಾದರೂ ಒಪ್ಪಿಸಬೇಕಾದರೆ ನಾಲ್ಕು ವರ್ಷ ಬೇಕೇನೋ.

ಈ ಶನಿವಾರ ನನ್ನ ಸರದಿ. ತೆರಿಗೆ ಲೆಕ್ಕದ ಭಾಗ ತೋರಿಸಬೇಕು. ಅಲ್ಲೊಂದು 18 ಇದೆ, ಅದು ಜಿಎಸ್‌ಟಿ, ಗೊತ್ತು. ಅದರ ಕೆಳಗೆ ಒಂದು 3 ಇದೆ. ಅದು ಏನು ಅಂತ ಇವತ್ತು ರಾತ್ರಿ ಹುಡುಕಬೇಕು. ಬರ್ತೀನಿ, ನಮಸ್ಕಾರ.