ಮಳೆ ಹಿಡಿಯುವ ಮೊದಲು ಆ ಕಪಾಟಿಗೆ ಕಾಲು ಹಾಕಿ

ನಮಸ್ಕಾರ. ಮಡಿಕೇರಿಯಿಂದ ಮಾತಾಡುತ್ತಿದ್ದೇನೆ. ಹೊರಗೆ ಇನ್ನೂ ಬಿಸಿಲಿದೆ, ಅದಕ್ಕೇ ಈ ವಿಷಯ ಇವತ್ತೇ ಹೇಳಿಬಿಡೋಣ ಅನ್ನಿಸಿತು. ಮೃಗಶಿರ ಮಳೆ ಹಿಡಿದ ಮೇಲೆ ಹೇಳಿದರೆ ಉಪಯೋಗವಿಲ್ಲ.

ಬಾಕ್ಸಿನಲ್ಲಿ ಹಲಗೆ ಹಲಗೆಯಾಗಿ ಬಂದು, ಮನೆಯಲ್ಲೇ ಅಲೆನ್ ಕೀ ತಿರುಗಿಸಿ ಜೋಡಿಸುತ್ತೇವಲ್ಲ, ಆ ಫರ್ನಿಚರ್ ಬಗ್ಗೆ ಮಾತು. ಅದನ್ನು ಕಂಡರೆ ನಮ್ಮ ಹಿರಿಯರಿಗೆ ಆಗುವುದಿಲ್ಲ. ಬೀಟೆ, ತೇಗ ಬೆಳೆಯುವ ಊರಿನಲ್ಲಿ ಈ ಪುಡಿ ಹಲಗೆ ಯಾಕೆ ಅಂತಾರೆ. ಆದರೆ ತೇಗದ ಕಪಾಟು ಮಾಡಿಸುವಷ್ಟು ದುಡ್ಡು ಎಲ್ಲರ ಹತ್ತಿರ ಎಲ್ಲಿದೆ? ಬಾಡಿಗೆ ಮನೆ ಬದಲಾಯಿಸುವಾಗ ಅದನ್ನು ಹೊರುವವರು ಯಾರು? ನನ್ನ ಪ್ರಕಾರ ಈ ಕಪಾಟು ಕೆಟ್ಟದ್ದಲ್ಲ. ಅದು ನಮ್ಮ ಮಳೆಗೆ ಅಂತ ಮಾಡಿದ್ದಲ್ಲ, ಅಷ್ಟೇ. ಮಳೆಗೆ ತಕ್ಕ ಹಾಗೆ ನಾವು ಅದನ್ನು ತಿದ್ದಿಕೊಳ್ಳಬೇಕು.

ಬೇರೆ ಊರಿನ ವಿಡಿಯೋಗಳಲ್ಲಿ ಮೊದಲು ಬಣ್ಣ ಹಚ್ಚುತ್ತಾರೆ, ಹೊಸ ಹಿಡಿ ಹಾಕುತ್ತಾರೆ. ಕೊಡಗಿನಲ್ಲಿ ಕೆಲಸ ಕೆಳಗಿನಿಂದ ಶುರುವಾಗಬೇಕು.

ನನ್ನ ಪುಸ್ತಕದ ಕಪಾಟಿನ ಕಥೆ ಕೇಳಿ. ಮೊದಲ ಮಳೆಗಾಲದಲ್ಲಿ ನಾನು ಏನೂ ಗಮನಿಸಲಿಲ್ಲ. ಪುಷ್ಯ ಮಳೆಯಲ್ಲಿ ಒಂದು ದಿನ ನೆಲ ಒರೆಸುವಾಗ ಬಟ್ಟೆ ಸಿಕ್ಕಿಹಾಕಿಕೊಂಡಿತು. ಬಗ್ಗಿ ನೋಡಿದರೆ ಕಪಾಟಿನ ಬುಡ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಬೆರಳಿನಲ್ಲಿ ಒತ್ತಿದರೆ ಪುಡಿ ಉದುರಿತು. ಮೇಲಿನ ಹಲಗೆಗಳೆಲ್ಲ ಹೊಸದರ ಹಾಗೇ ಇದ್ದವು.

ಕಾರಣ ಸರಳ. ಈ ಕಪಾಟು ಪಾರ್ಟಿಕಲ್ ಬೋರ್ಡಿನದ್ದು, ಅಂದರೆ ಮರದ ಚೂರನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಮೇಲಿನ ಲ್ಯಾಮಿನೇಟ್ ನೀರು ತಡೆಯುತ್ತದೆ. ಆದರೆ ನೆಲಕ್ಕೆ ತಾಗುವ ಅಂಚು ಎಷ್ಟೋ ಕಪಾಟುಗಳಲ್ಲಿ ಬೋಳಾಗಿಯೇ ಇರುತ್ತದೆ. ಒರೆಸಿದ ನೀರು ಅಲ್ಲಿಂದಲೇ ಮೇಲೆ ಹತ್ತುತ್ತದೆ. ಒಮ್ಮೆ ಉಬ್ಬಿದರೆ ಒಣಗಿಸಿದರೂ ಮೊದಲಿನ ಹಾಗೆ ಆಗುವುದಿಲ್ಲ.

ಹಾಗಾಗಿ ಹೊಸ ಕಪಾಟು ಜೋಡಿಸುವ ಮೊದಲೇ ಪ್ರತಿ ಬೋಳು ಅಂಚಿಗೂ ನೀರು ತಡೆಯುವ ಅಂಟು ಸವರಿ. ಫೆವಿಕಾಲ್ ಮೆರೈನ್ ಸಾಕು. ಒಣಗಿದ ಮೇಲೆ ಎರಡು ಕೈ ವಾರ್ನಿಷ್ ಹಚ್ಚಿ. ಸ್ಕ್ರೂ ತೂತುಗಳನ್ನು ಮರೆಯಬೇಡಿ, ಬ್ಯಾಕ್ ಶೀಟಿನ ಅಂಚನ್ನೂ.

ಆಮೇಲೆ ಕಾಲು. ಇದರಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. 1950ರ ದಶಕದಲ್ಲಿ ಸ್ವೀಡನ್ನಿನ ಫರ್ನಿಚರ್ ಕಂಪನಿ ಐಕಿಯಾದಲ್ಲಿ ಕೆಲಸ ಮಾಡುತ್ತಿದ್ದ ಗಿಲ್ಲಿಸ್ ಲುಂಡ್‌ಗ್ರೆನ್, ಒಂದು ಟೇಬಲ್ ಕಾರಿನೊಳಗೆ ಹಿಡಿಸಲಿಲ್ಲ ಅಂತ ಅದರ ಕಾಲು ಬಿಚ್ಚಿದರಂತೆ. ಐಕಿಯಾದ ಫ್ಲಾಟ್ ಪ್ಯಾಕ್, ಅಂದರೆ ಹಲಗೆ ಬಿಚ್ಚಿ ಬಾಕ್ಸಿನಲ್ಲಿ ಮಾರುವ ಪದ್ಧತಿ, ಶುರುವಾದದ್ದು ಹಾಗೆ ಅಂತ ಹೇಳುತ್ತಾರೆ. ಅವರು ಬಿಚ್ಚಿದ ಕಾಲನ್ನು ನಾವು ಇಲ್ಲಿ ವಾಪಸ್ ಹಾಕಬೇಕು! ನಾಲ್ಕು ಇಂಚು ಎತ್ತರ ಸಾಕು. ಆದರೆ ಕಾಲನ್ನು ನೇರವಾಗಿ ಪಾರ್ಟಿಕಲ್ ಬೋರ್ಡಿಗೆ ಹೊಡೆಯಬೇಡಿ, ಸ್ಕ್ರೂ ಕಿತ್ತು ಬರುತ್ತದೆ. ಹೆಂಚು ತೆಗೆದು ಶೀಟು ಹಾಕಿಸಿದ ಮನೆಗಳಲ್ಲಿ ಹೆಂಚಿನಡಿಯ ಮರದ ಪಟ್ಟಿ, ಹಳೇ ರೀಪು, ಬಿದ್ದಿರುತ್ತದಲ್ವಾ? ಕೇಳಿದರೆ ಸುಮ್ನೆ ಕೊಡುತ್ತಾರೆ. ಅಂಥ ಎರಡು ರೀಪನ್ನು ಕಪಾಟಿನ ಅಡಿಗೆ ಉದ್ದಕ್ಕೂ ಕೂರಿಸಿ, ಕಾಲನ್ನು ರೀಪಿಗೆ ಹಾಕಿ. ಭಾರ ಹಂಚಿಹೋಗುತ್ತದೆ. ಸಾಮಿಲ್ಲಿನಲ್ಲಿ ಸಿಗುವ ಸಿಲ್ವರ್ ಓಕ್ ತುಂಡುಗಳೇ ನನ್ನ ಕಪಾಟಿಗೆ ಕಾಲಾದವು.

ನನ್ನ ಉಬ್ಬಿದ ಕಪಾಟು ಏನಾಯಿತು ಅಂದರೆ, ಕೊನೇ ಹಲಗೆಯ ಕೆಳಗಿನ ಬುಡವನ್ನಷ್ಟೇ ಗರಗಸದಲ್ಲಿ ಕೊಯ್ದೆ. ಅಂಗಳದಲ್ಲೇ ಕೊಯ್ದೆ, ಮಾಸ್ಕ್ ಹಾಕಿಕೊಂಡು. ಆ ಪುಡಿ ಮೂಗಿಗೆ ಒಳ್ಳೆಯದಲ್ಲ. ಆಮೇಲೆ ಕಪಾಟನ್ನು ಅಡ್ಡ ಮಲಗಿಸಿ ರೀಪು, ಕಾಲು ಹಾಕಿದೆ. ಈಗ ಅದು ಬಾಗಿಲ ಬಳಿಯ ಬೆಂಚು. ಮೇಲೆ ಕೂತು ಗಂಬೂಟು ಬಿಚ್ಚಬಹುದು, ಖಾನೆಗಳಲ್ಲಿ ಪ್ಲಾಸ್ಟಿಕ್ ಟ್ರೇ ಇಟ್ಟು ಚಪ್ಪಲಿ, ಟಾರ್ಚು ಇಡಬಹುದು. ನೀರು ಸೋರುವ ಕೊಡೆ ಮಾತ್ರ ಹೊರಗೇ. ಮಲಗಿಸುವಾಗ ಎರಡು ವಿಷಯ ನೋಡಿ. ಸುಮ್ನೆ ಪಿನ್ನಿನ ಮೇಲೆ ಕೂತಿರುವ ಹಲಗೆಗಳಿಗೆಲ್ಲ ಸ್ಕ್ರೂ ಹಾಕಿ ಬಿಗಿ ಮಾಡಿ, ಯಾಕೆಂದರೆ ಈಗ ಅವೇ ಕಂಬ. ಬ್ಯಾಕ್ ಶೀಟನ್ನು ತೆಗೆಯಬೇಡಿ. ತೆಳ್ಳಗಿದೆ ಅಂತ ಹಗುರ ಮಾಡಬೇಡಿ, ಕಪಾಟು ಓಲಾಡದ ಹಾಗೆ ಹಿಡಿದಿರುವುದು ಅದೇ.

ಸ್ಕ್ರೂ ಸಡಿಲವಾಗಿ ಸುತ್ತುತ್ತಿದ್ದರೆ ಬೆಂಕಿಕಡ್ಡಿಯನ್ನು ಅಂಟಿನಲ್ಲಿ ಅದ್ದಿ ತೂತಿಗೆ ತುರುಕಿ, ಒಂದು ರಾತ್ರಿ ಬಿಟ್ಟು ಮತ್ತೆ ಹಾಕಿ. ಬಣ್ಣ ಬೇಕಾದರೆ ಲ್ಯಾಮಿನೇಟಿನ ಹೊಳಪು ಹೋಗುವಷ್ಟು ಸ್ಯಾಂಡ್ ಪೇಪರ್ ಉಜ್ಜಿ, ಪ್ರೈಮರ್ ಹಚ್ಚಿ, ತೆಳುವಾಗಿ ಎರಡು ಕೈ ಎನಾಮಲ್. ಬೇಸಿಗೆಯಲ್ಲೇ ಮುಗಿಸಿ. ಮಳೆಯಲ್ಲಿ ಅದು ದಿನಗಟ್ಟಲೆ ಕೈಗೆ ಅಂಟುತ್ತದೆ.

ಎತ್ತರದ ಕಪಾಟನ್ನು ಗೋಡೆಯಿಂದ ಎರಡು ಇಂಚು ಮುಂದೆ ಇಡಿ, ಗಾಳಿ ಆಡಿದರೆ ಬೂಷ್ಟು ಕಡಿಮೆ. ಆದರೆ ಮೇಲಿನಿಂದ ಕ್ಲ್ಯಾಂಪ್ ಹಾಕಿ ಗೋಡೆಗೆ ಬಿಗಿಯಲೇಬೇಕು. ಕಾಲು ಹಾಕಿದ ಮೇಲಂತೂ ತಪ್ಪಿಸಲೇಬೇಡಿ. ಡ್ರಾಯರ್ ಕಪಾಟು ಮಕ್ಕಳ ಮೇಲೆ ಮಗುಚಿ ಸಾವಾದ ಮೇಲೆ 2016ರಲ್ಲಿ ಅಮೆರಿಕದಲ್ಲಿ ಐಕಿಯಾ 2.9 ಕೋಟಿ ಕಪಾಟುಗಳನ್ನು ವಾಪಸ್ ಕರೆಯಬೇಕಾಯಿತು. ಬಾಡಿಗೆ ಮನೆಯ ಗೋಡೆಗೆ ತೂತಾಗುತ್ತದೆ ಅಂತ ಹಿಂಜರಿಯಬೇಡಿ. ಮಾಲೀಕರನ್ನು ಕೇಳಿ, ಬಿಡುವಾಗ ಪುಟ್ಟಿ ತುಂಬಿಕೊಡುತ್ತೇನೆ ಅನ್ನಿ.

ಇನ್ನೊಂದು. ಕೊಯ್ದ ಆ ಉಬ್ಬಿದ ತುಂಡನ್ನು ಬಚ್ಚಲ ಒಲೆಗೆ ಹಾಕಬೇಡಿ. ಸೌದೆ ತರಹ ಕಾಣುತ್ತದೆ, ನಿಜ. ಆದರೆ ಅದರೊಳಗಿನ ಅಂಟು, ಮೇಲಿನ ಲ್ಯಾಮಿನೇಟ್ ಸುಟ್ಟರೆ ಬರುವ ಹೊಗೆ ವಿಷ. ಸ್ನಾನಕ್ಕೆ ನೀರು ಕಾಯಿಸುವವರು ಅದನ್ನೇ ಉಸಿರಾಡಬೇಕಾಗುತ್ತದೆ. ನಾನು ಅದನ್ನು ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಟ್ಟೆ.